ಕೆಂಚಿಗೆ ಎರಡನೇ ಮಳೆ

ಎಲೆ ಟೈಪ್ ಕಟ್ಕೊಂಡು ಕಪ್ ಗೆಲ್ಲೋಕಾಗಲ್ಲ ಅಂದೋರಿಗೆಲ್ಲ ನಾನು ಹೇಳಿದ್ದು ಒಂದೇ ಮಾತು. ನೋಡ್ತಾ ಇರಿ ಮಾರಾಯ್ರೆ.

ನಾನು ಪ್ರೇಮಕುಮಾರಿ, ಬಣಕಲ್‌ನೋಳು. ವಯಸ್ಸು ಐವತ್ತು ದಾಟಿದೆ. ಮೊಣಕಾಲು ಆಗಾಗ ಕಟಕ್ ಅಂತದೆ, ಕಣ್ಣಿಗೆ ಕನ್ನಡಕ ಬಂದಿದೆ, ಹೆಬ್ಬೆರಳಿಗೆ ಮಾತ್ರ ಇನ್ನೂ ಹದಿನೆಂಟು. ‘ಬೀಸ್ಟ್ ಅಡ್ಡ’ ಅಂತ ಫೋನಲ್ಲಿ ಆಡೋ ಆಟ ಒಂದಿದೆ. ಚಿತ್ರ ವಿಚಿತ್ರ ಪ್ರಾಣಿಗಳನ್ನ ಮರಿಯಿಂದ ಸಾಕಿ, ಪಳಗಿಸಿ, ಬೇರೆಯವರ ಪ್ರಾಣಿ ಜೊತೆ ಕಾದಾಟಕ್ಕೆ ಬಿಡೋದು. ಕೆಲವು ಬೆಂಕಿ ಟೈಪ್, ಕೆಲವು ನೀರು, ಕೆಲವು ಕಲ್ಲು, ಕೆಲವು ಎಲೆ. ಬೆಂಕಿಗೆ ನೀರು ಕಂಡ್ರೆ ಆಗಲ್ಲ, ಎಲೆಗೆ ಬೆಂಕಿ ಕಂಡ್ರೆ ಆಗಲ್ಲ. ಅದ್ರಲ್ಲಿ ನನ್ನ ಹೆಸರು ‘ಬಣಕಲ್ ಬೆಂಕಿ’. ಹೆಸರಷ್ಟೇ ಬೆಂಕಿ, ನಾನು ಸಾಕಿರೋದೆಲ್ಲ ಎಲೆ. ಕಾಫಿ ತೋಟದೋಳು ಇನ್ನೇನು ಸಾಕ್ಲಿ, ಹೇಳಿ?

ಈ ಆಟ ನನ್ನ ಫೋನಿಗೆ ಹಾಕಿಕೊಟ್ಟೋನು ಭಾವನ ಮಗ ನಂದನ್. ಕೊಟ್ಟಿಗೆಹಾರದಲ್ಲಿ ಅವನದ್ದೊಂದು ಮೊಬೈಲ್ ಅಂಗಡಿ. ‘ಚಿಕ್ಕಮ್ಮಂಗೆ ಮಳೆಗಾಲದಲ್ಲಿ ಹೊತ್ತು ಹೋಗ್ಲಿ ಪಾಪ’ ಅಂತ ಹಾಕಿಕೊಟ್ಟಿದ್ದಂತೆ. ಒಂದೇ ವರ್ಷಕ್ಕೆ ಆ ಪಾಪದ ಚಿಕ್ಕಮ್ಮನ ಕೈಲಿ ಸೋತು ಸೋತು ಹೊಟ್ಟೆ ಉರ್ಕೊಳ್ಳೋಕೆ ಶುರು ಮಾಡ್ದ. ನನಗೇನು ಬೇಜಾರಿಲ್ಲ. ಉರ್ಕೊಳ್ಳಿ.

ಕಪ್‌ನ ಸುದ್ದಿ ತಂದೋನೂ ಅವನೇ. ಮಾರ್ಚಲ್ಲಿ ಚಿಕ್ಕಮಗಳೂರಿನ ಒಂದು ಕಲ್ಯಾಣ ಮಂಟಪದಲ್ಲಿ ‘ಒಂದೇ ಟೈಪ್ ಕಪ್’. ಹೆಸರೇ ಹೇಳೋ ಹಾಗೆ, ಟೀಮಿನ ನಾಲ್ಕೂ ಪ್ರಾಣಿ ಒಂದೇ ಟೈಪ್‌ದಾಗಿರ್ಬೇಕು. ಇನ್ನೊಂದು ರೂಲ್ ಇತ್ತು, ನನ್ನ ಜೀವ ತಿಂದಿದ್ದು ಅದೇ. ಫೈನಲ್‌ಗೆ ಬಂದ ಇಬ್ರೂ ತಮ್ಮ ಟೀಮಿನ ನಾಯಕನನ್ನ ಪಣಕ್ಕಿಡ್ಬೇಕು. ಸೋತೋರ ನಾಯಕ ಗೆದ್ದೋರ ಫೋನಿಗೆ ಹೋಗಿಬಿಡ್ತದೆ. ಗೆದ್ದೋರು ಮನಸ್ಸು ಮಾಡಿದ್ರೆ ಮಾತ್ರ ವಾಪಸ್.

ನನ್ನ ನಾಯಕಿ ಕೆಂಚಿ.

ಕೆಂಚಿ ಅಂದ್ರೆ ಸೊಂಟದೆತ್ತರದ ಒಂದು ಗಿಡ, ಎರಡು ಕಾಲು, ಗುಂಡು ಮುಖ, ಯಾವಾಗ್ಲೂ ಒಂಚೂರು ಸಿಟ್ಟು. ಕಂಪನಿಯೋರು ಎಂತದೋ ಇಂಗ್ಲಿಷ್ ಹೆಸರಿಟ್ಟಿದ್ರು. ಕೆಂಚಿ ಅಂತ ಕರ್ದಿದ್ದು ನನ್ನ ಅತ್ತೆ ತಿಮ್ಮಮ್ಮ. ನಮ್ಮತ್ತೆಗೆ ಎಂಬತ್ತರ ಹತ್ರ, ಹಲ್ಲು ಕಮ್ಮಿ, ಬಾಯಿ ಜೋರು. ಫೋನಲ್ಲಿರೋದು ಬರೀ ಬೊಂಬೆ ಅಂತ ಅವರಿಗೆ ಗೊತ್ತಿಲ್ಲ ಅಂತಲ್ಲ, ಗೊತ್ತಿದೆ. ಆದ್ರೂ ಬೆಳಿಗ್ಗೆ ಕಾಫಿ ಲೋಟ ಕೈಗೆ ಕೊಟ್ಟ ಕೂಡ್ಲೇ ಮೊದಲ ಪ್ರಶ್ನೆ, “ಕೆಂಚಿಗೆ ಏನು ಹಾಕ್ದೆ?” ನನ್ನ ತಿಂಡಿ ಆಯ್ತಾ ಅಂತ ಕೇಳಿದ್ದು ಮದುವೆಯಾದ ಲಾಗಾಯ್ತು ಒಂದು ದಿನ ಇಲ್ಲ! ಆಮೇಲೆ ಕನ್ನಡಕ ಮೂಗಿಗಿಳಿಸಿ, ಬೆರಳಿಂದ ಪರದೆ ಮೇಲೆ ಕೆಂಚಿ ತಲೆ ಸವರೋರು. ಅವಳು ಕಿಲಕಿಲ ಅಂದ್ರೆ ಇವರೂ ಕಿಲಕಿಲ. ನಿಜ ಹೇಳ್ಬೇಕಂದ್ರೆ ನಾವಿಬ್ರೂ ಜಗಳ ಇಲ್ದೆ ಕೂತು ಸಾಕಿದ್ದು ಅದೊಂದನ್ನೇ. ನನಗೂ ಅವಳು ಅಂದ್ರೆ ಜೀವ.

ಪಣದ ವಿಷಯ ಅತ್ತೆ ಕಿವಿಗೆ ಬಿದ್ದಿದ್ದು ನಂದನ್ ಬಾಯಿಂದ. ಬಾಯಿ ಅಲ್ಲ ಅದು, ಬಸ್ ಸ್ಟ್ಯಾಂಡು.

“ಜೂಜಿಗೆ ಮನೆ ಹುಡುಗೀನ ಇಡೋದಾ?” ಅತ್ತೆ ಲೋಟ ಕುಕ್ಕಿದ್ರು.

“ಜೂಜಲ್ಲ ಅತ್ತೆ, ಕಪ್. ಅದೂ ಫೈನಲ್‌ಗೆ ಹೋದ್ರೆ ಮಾತ್ರ.”

“ಹೋಗ್ತೀಯಾ?”

“ಹೋಗ್ದೆ ಏನು?”

“ಹಂಗಾದ್ರೆ ಕೇಳ್ಕೋ. ಹೋಗ್ತಾ ಇಬ್ರು, ಬರ್ತಾ ಇಬ್ರು. ಒಬ್ಳೇ ಬರೋದಾದ್ರೆ ಬರ್ಲೇಬೇಡ. ಅಲ್ಲೇ ಚಿಕ್ಕಮಗಳೂರಲ್ಲಿ ಇದ್ಬಿಡು.”

ತಮಾಷೆ ಮಾಡ್ತಿದಾರೆ ಅಂತ ಮುಖ ನೋಡಿದೆ. ಮುಖದಲ್ಲಿ ನಗು ಇರ್ಲಿಲ್ಲ.

ಸರಿ, ಟೀಮ್ ಕಟ್ಟೋಕೆ ಕೂತೆ. ಕಣದಲ್ಲಿ ಒಂದು ಸಲಕ್ಕೆ ಇಬ್ಬಿಬ್ರು ನಿಲ್ತಾರೆ, ಒಬ್ರು ಬಿದ್ರೆ ಹಿಂದಿದ್ದೋರು ಬರ್ತಾರೆ, ನಾಲ್ವರೂ ಬಿದ್ರೆ ಸೋಲು. ಕೆಂಚಿ ಜೊತೆ ಮೊದಲು ಆರಿಸಿದ್ದು ಒಂದು ದೊಡ್ಡ ಮರ. ಅದು ಹೊಡಿಯೋದೇ ಇಲ್ಲ. ಪಕ್ಕದಲ್ಲಿದ್ದೋರ ಮೇಲೆ ಬೀಳೋ ಏಟನ್ನೆಲ್ಲ ತಾನೇ ತಿಂತದೆ, ಅಷ್ಟೇ ಅದರ ಕೆಲಸ. ಅದಕ್ಕೆ ನಮ್ಮ ತೋಟದ ಮೇಸ್ತ್ರಿ ಭೂತಯ್ಯನ ಹೆಸರಿಟ್ಟೆ. ಅವನೂ ಹಂಗೇ, ನಿಲ್ಲಿಸಿದ ಕಡೆ ನಿಲ್ತಾನೆ, ನಾನು ಬೈದಿದ್ದೆಲ್ಲ ಅವನ ಮೇಲೆ ಬಿದ್ದು ಅಲ್ಲೇ ಇಂಗಿಹೋಗ್ತದೆ. ಹೇಳಿದ್ರೆ ಬೇಜಾರಾಗ್ತಾನೇನೋ ಅಂದ್ಕೊಂಡ್ರೆ, “ನನ್ನ ಹೆಸರು ಚಿಕ್ಕಮಗಳೂರಿಗೆ ಹೋಗ್ತದಾ ಅಮ್ಮಾವ್ರೆ!” ಅಂತ ಊರೆಲ್ಲ ಹೇಳ್ಕೊಂಡು ಬಂದ. ಮೂರನೇದು ಕೆಸುವಿನ ಎಲೆಯಂಥದ್ದು, ಕಣಕ್ಕೆ ಕಾಲಿಟ್ರೆ ಸಾಕು, ಮಳೆ. ನಾಲ್ಕನೇದು ಬಿದಿರು, ಎದುರಿಗಿದ್ದೋರ ಮುಖಕ್ಕೆ ಹೊಡೆದ ಹಾಗೆ ಹೊಡೀತದೆ. ಅದಕ್ಕೆ ನನ್ನ ನಾದಿನಿ ಸುಪ್ರಿಯಾ ಹೆಸರು. ಕಾರಣ ಬಿಡಿಸಿ ಹೇಳೋದಿಲ್ಲ.

ಇನ್ನು ಕೆಂಚಿ ವಿದ್ಯೆ ಹೇಳ್ಬೇಕು. ಅವಳ ಮೇಲೆ ಒಂದು ಮಳೆ ಬಿದ್ರೆ ಮೈತುಂಬ ಬಿಳಿ ಹೂ. ಹೂವಿದ್ದಾಗ ಹೊಡೆದ್ರೆ ಏಟು ದುಪ್ಪಟ್ಟು, ಆದ್ರೆ ಹೊಡೆದ ಕೂಡ್ಲೇ ಹೂ ಉದುರಿಹೋಗ್ತದೆ. ಬೇರೆಯವರು ಅವಳಿಗೆ ಹೊಡೆದ್ರೂ ಅಷ್ಟೇ. ಹಂಗಾಗಿ ಆಡೋರೆಲ್ಲ ಹೂ ಬಂತೋ, ದಬ್ ಅಂತ ಹೊಡೀತಾರೆ. ಯೂಟ್ಯೂಬಲ್ಲಿ ಪಾಠ ಹೇಳೋ ಹುಡುಗರು ಕೆಂಚಿಯಂಥೋಳನ್ನ ‘ಒಂದೇಟಿನ ಗಿರಾಕಿ’ ಅಂತ ಕೊನೇ ಸಾಲಲ್ಲಿ ಕೂರಿಸಿದ್ರು.

ಕಪ್‌ಗೆ ಎರಡು ದಿನ ಮುಂಚೆ ನಂದನ್ ಅಂಗಡೀಲಿ ಪ್ರಾಕ್ಟೀಸ್ ಮ್ಯಾಚ್. ಅವನದು ಬೆಂಕಿ ಟೀಮು. ಹಿಂದಿನ ವಾರ ನಮ್ಮ ಕಡೆ ಕಾಫಿಗೆ ಹೂ ಮಳೆ ಆಗಿತ್ತು. ಬಣಕಲ್‌ನಿಂದ ಕೊಟ್ಟಿಗೆಹಾರದ ತನಕ ರಸ್ತೆಯ ಎರಡೂ ಕಡೆ ತೋಟಗಳು ಬೆಳ್ಳಗೆ ಬಿರಿದು, ಬಸ್ಸೊಳಗೂ ಘಮ. ಕಣದಲ್ಲಿ ನನ್ನ ಕೆಸು ಮಳೆ ತಂತು, ಕೆಂಚಿಯೂ ಬಿರಿದ್ಳು. ಎದುರಿಗೆ ನಂದನ್‌ನದು ಉಳಿದಿದ್ದು ಒಂದೇ ಪ್ರಾಣಿ, ಅದಕ್ಕೂ ಜೀವ ಕುಟುಕುಟು ಅಂತಿದೆ. ನಾನು ಹೊಡೆದ್ರೆ ಆಟ ಮುಗೀತು.

ಹೊಡೀಲೇ ಇಲ್ಲ ನಾನು!

ಕೈಯೇ ಬರ್ಲಿಲ್ಲ. ಹೂ ಬಿಟ್ಟಾಗ ನಾವು ತೋಟಕ್ಕೆ ಕಾಲಿಡೋದಿಲ್ಲ. ರೆಂಬೆ ಕತ್ತರಿಸೋ ಕಪಾತು ಇಲ್ಲ, ಗೊಬ್ಬರ ಇಲ್ಲ, ಆಳುಗಳಿಗೆ ರಜೆ, ನಾಯಿ ಒಳಗೆ ಹೋದ್ರೂ ಕೂಗಿ ಕರೀತೀವಿ. ಮದುವೆಯಾಗಿ ಬಂದ ಮೊದಲ ವರ್ಷ ಒಂದು ಗೊಂಚಲು ಮುಡಿಯೋಕೆ ಕಿತ್ಕೊಂಡಿದ್ದಕ್ಕೆ ಅತ್ತೆ ಹತ್ರ ಬೈಸ್ಕೊಂಡೋಳು ನಾನು. ಆ ಬಿಳಿ ಕಂಡ್ರೆ ಕೈ ತಾನಾಗೇ ಹಿಂದೆ ಬರ್ತದೆ. ಬಂತು. ಗಡಿಯಾರ ಓಡಿ ಓಡಿ ನನ್ನ ಸರದಿ ಕಳೀತು. ನಂದನ್‌ನ ಬೆಂಕಿ ಕೋಳಿ ಬಂದು ಕೆಂಚೀನೂ ಕೆಸೂನೂ ಸುಟ್ಟು ಹಾಕ್ತು.

“ಚಿಕ್ಕಮ್ಮಾ!” ಅವನು ನಕ್ಕು ನಕ್ಕು ಸ್ಟೂಲಿಂದ ಜಾರಿದ. “ಅದು ಫೋನು, ತೋಟ ಅಲ್ಲ!”

ಮೈಯೆಲ್ಲ ಉರಿದುಹೋಯ್ತು. ಚಾರ್ಜರ್ ತಗೊಳ್ಳೋಕೆ ಬಂದಿದ್ದೋರೂ ನಗೋರೇ. ಬಸ್ ಹತ್ತಿ ಮನೆಗೆ ಬರೋ ತನಕ ನನಗೆ ನಾನೇ ಬೈಕೊಂಡೆ. ಚಪ್ಪಲಿ ಬಿಡೋಕೆ ಮುಂಚೆ ಅತ್ತೆ ಮುಂದೆ ಎಲ್ಲ ಕಕ್ಕಿದೆ.

ಅತ್ತೆ ಪೂರ್ತಿ ಕೇಳಿದ್ರು. ಬಾಯಲ್ಲಿದ್ದ ಅಡಿಕೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಳ್ಳಿದ್ರು. “ಹೂವಿನ ಮೇಲೆ ಕೈ ಹಾಕ್ಲಿಲ್ಲ ಅಂತ ಯಾಕೆ ಬೈಕೊಳ್ತೀಯ? ಮಾಡಿದ್ದು ಸರಿಯಾಗೇ ಇದೆ.”

“ಸೋತೆ ಅತ್ತೆ!”

“ಸೋಲ್ದೆ ಇನ್ನೇನು? ಬ್ಯಾಕಿಂಗ್ ಎಲ್ಲಿ?”

ಚಪ್ಪಲಿ ಸಮೇತ ಅಲ್ಲೇ ಮೆಟ್ಟಿಲ ಮೇಲೆ ಕೂತೆ.

ಹೂ ಮಳೆ ಒಂದೇ ಬಂದ್ರೆ ಕಾಫಿ ಆಗೋದಿಲ್ಲ. ಮೊದಲ ಮಳೆಗೆ ಹೂ, ಆಮೇಲೆ ಒಳ್ಳೆ ಬಿಸಿಲು, ಆಮೇಲೆ ಇನ್ನೊಂದು ಮಳೆ. ಆ ಎರಡನೇದಕ್ಕೇ ಬ್ಯಾಕಿಂಗ್ ಅನ್ನೋದು. ಅದು ಬಂದ್ರೇ ಕಾಯಿ ಕಚ್ಚೋದು, ಇಲ್ದಿದ್ರೆ ಹೂ ನೋಡಿ ಖುಷಿಪಟ್ಟಿದ್ದಷ್ಟೇ ಲಾಭ. ‘ಹೂ ನೋಡಿ ಕುಣೀಬೇಡ’ ಅಂತ ಮಾವ ಹೇಳ್ತಾನೇ ಇದ್ರು. ನಾನು ಫೋನ್ ತೆಗೆದು ಕೆಂಚಿ ವಿವರ ಮತ್ತೆ ಓದಿದೆ. ಕೊನೇ ಸಾಲಲ್ಲಿ ಇತ್ತು: ಹೂ ಉದುರದೆ ಉಳಿದು ಮೇಲೆ ಎರಡನೇ ಮಳೆ ಬಿದ್ರೆ ಹಣ್ಣು ಕಟ್ತಾಳೆ, ಆಮೇಲೆ ಅವಳ ಒಂದೊಂದೇಟೂ ಎದುರಿಗಿರೋ ಇಬ್ಬರಿಗೂ ಬೀಳ್ತದೆ, ಪೂರ್ತಿ ಬಲದಲ್ಲಿ. ಎಲ್ರಿಗೂ ಗೊತ್ತಿರೋ ಸಾಲೇ ಅದು. ಅಷ್ಟು ಹೊತ್ತು ಕೈಕಟ್ಟಿ ಕೂರೋಕೆ ಯಾರಿಗೂ ತಾಳ್ಮೆ ಇಲ್ಲ, ಅಷ್ಟೇ. ಆತುರಗಾರನಿಗೆ ಬುದ್ಧಿ ಮಟ್ಟ.

ತಾಳ್ಮೆ ನನಗೂ ಇಲ್ಲ, ಮನೇಲಿ ಯಾರನ್ನ ಬೇಕಾದ್ರೂ ಕೇಳಿ. ಆದ್ರೆ ಹೂವಿನ ವಿಷಯದಲ್ಲಿ ಇದೆ.

ಎರಡನೇ ಮಳೆಗೆ ಇನ್ನೊಬ್ಬರು ಬೇಕಾಯ್ತು. ಕಲ್ಲು ಸಂದೀಲಿ ಬೆಳೆಯೋ ಜರೀಗಿಡದ ಥರದ್ದೊಂದು ಹಳೇದು ನನ್ನ ಹತ್ರ ಇತ್ತು. ಸಣಕಲು, ಆದ್ರೆ ಬಂದ್ರೆ ಮಳೆ ತರ್ತದೆ. ಅದನ್ನ ಸೇರಿಸೋಕೆ ಜಾಗ ಬೇಕಲ್ಲ, ಬಿದಿರನ್ನ ತೆಗೆದೆ.

“ಸುಪ್ರಿಯಾನ ತೆಗೆದ್ಯಾ?” ಅತ್ತೆಗೆ ಗಾಬರಿ, ಎಷ್ಟಾದ್ರೂ ಮಗಳ ಹೆಸರು.

“ತೆಗೆದೆ. ಬರೀ ಹೊಡೆಯೋರಿಂದ ಮನೆ ನಡೆಯಲ್ಲ ಅತ್ತೆ.”

ನಂದನ್‌ಗೆ ಹೇಳಿದಾಗ ತಲೆ ಮೇಲೆ ಕೈ ಹೊತ್ಕೊಂಡ. “ನಾಲ್ಕರಲ್ಲಿ ಮೂರು ಹೊಡೆಯೋದೇ ಇಲ್ಲ! ಬೆಂಕಿ ಟೀಮ್ ಸಿಕ್ಕಿದ್ರೆ ಬೂದಿ ಚಿಕ್ಕಮ್ಮ, ಬೂದಿ. ಕೆಂಚಿ ಆಸೆ ಬಿಟ್ಬಿಡಿ.”

“ಬೂದಿನೂ ಗೊಬ್ಬರನೇ ಕಣೋ,” ಅಂದೆ.

ಕಪ್‌ನ ದಿನ ತೋಟದಲ್ಲಿ ಇನ್ನೂ ಹೂ. ಕೆಲಸ ಇಲ್ಲ, ಹೊರಡೋಕೆ ಅಡ್ಡಿ ಇಲ್ಲ. ಗಂಡ ಪ್ರಸಾದ್ ನನ್ನನ್ನೂ ನಂದನ್‌ನನ್ನೂ ಜೀಪಲ್ಲಿ ಬಿಟ್ಟು, “ಗೆದ್ರೆ ಫೋನ್ ಮಾಡು, ಸೋತ್ರೆ ಅಮ್ಮಂಗೆ ನೀನೇ ಮಾಡು” ಅಂತ ಹೇಳಿ ಹೋದ್ರು. ಎಂಥ ಧೈರ್ಯಸ್ಥ ಗಂಡ ನೋಡಿ. ಮಂಟಪದ ತುಂಬ ಹುಡುಗರು. ನನ್ನನ್ನ ನೋಡಿ ಒಬ್ಬ, “ಆಂಟಿ, ಪೇರೆಂಟ್ಸ್‌ಗೆ ಆ ಕಡೆ ಕುರ್ಚಿ” ಅಂದ. ಮೊದಲ ಸುತ್ತಲ್ಲಿ ಸಿಕ್ಕಿದ್ದು ಅವನೇ. ಅವನಿಗೆ ಆ ಕಡೆ ಕುರ್ಚಿ ತೋರಿಸಿ ಮುಂದೆ ಹೋದೆ. ಎರಡನೇ ಸುತ್ತಲ್ಲಿ ಆಲ್ದೂರಿನ ಕಲ್ಲು ಟೀಮು, ಸೆಮಿಫೈನಲ್ಲಲ್ಲಿ ನೀರು ಟೀಮು. ಕಲ್ಲನ್ನೂ ನೀರನ್ನೂ ಎಲೆ ಕುಡಿದುಬಿಡ್ತದೆ, ಅದ್ರಲ್ಲಿ ಹೇಳ್ಕೊಳ್ಳೋಂಥದ್ದೇನಿಲ್ಲ. ಎರಡನೇ ಮಳೆ ತನಕ ಹೋಗೋ ಅಗತ್ಯವೂ ಬೀಳ್ಲಿಲ್ಲ.

ಫೈನಲ್‌ಗೆ ಬಂದಿದ್ದು ಬೆಂಕಿ.

ಕಳಸದ ಹುಡುಗ ಅಭಿರಾಮ, ಚಿಕ್ಕಮಗಳೂರಲ್ಲಿ ಡಿಗ್ರಿ ಓದ್ತಾನೆ. ಅಪ್ಪ ಪುರೋಹಿತರಂತೆ. ಅಪ್ಪ ಹೋಮ ಮಾಡಿಸೋದು, ಮಗ ಬೆಂಕಿ ಸಾಕೋದು, ಹೊಂದ್ತದೆ ಬಿಡಿ ಅಂದ್ಕೊಂಡೆ. ಅವನ ನಾಯಕ ಮೈಯೆಲ್ಲ ಉರಿಯೋ ಒಂದು ಕರಡಿ. ಆ ರಾಕ್ಷಸನ ಹೆಸರು ಚಿನ್ನು. ಪಣಕ್ಕಿಡೋ ಬಟನ್ ಒತ್ತೋ ಮುಂಚೆ ಅವನು ಬೆರಳಿಂದ ಕರಡಿ ತಲೆ ಒಂದು ಸಲ ಸವರ್ದ. ನಾನೂ ಆಗಷ್ಟೇ ಕೆಂಚಿ ತಲೆ ಸವರಿ ಮುಗಿಸಿದ್ದೆ. ಒಬ್ಬರ ಮುಖ ಒಬ್ಬರು ನೋಡಿ, ನೋಡ್ಲೇ ಇಲ್ಲ ಅನ್ನೋ ಹಾಗೆ ಕೂತ್ವಿ.

ಶುರುವಾಯ್ತು. ನನ್ನ ಕಡೆ ಕೆಸು ಮತ್ತೆ ಭೂತಯ್ಯ. ಕೆಸು ಬಂತು, ಮಳೆ ಬಂತು. ಮಳೇಲಿ ಬೆಂಕಿ ಒಂಚೂರು ಕುಗ್ತದೆ, ಆದ್ರೂ ಭೂತಯ್ಯ ಬೇರೂರಿ ಅಡ್ಡ ನಿಲ್ಲೋದ್ರೊಳಗೆ ಅವನ ಒಂದು ಹಲ್ಲಿ ನನ್ನ ಕೆಸು ಮೇಲೆ ಬೆಂಕಿ ಉಗಿದು ಬೀಳಿಸ್ತು. ಬೀಳ್ಲಿ, ಅದರ ಕೆಲಸ ಆಗಿತ್ತು. ಹನಿ ಇನ್ನೂ ಬೀಳ್ತಿರೋವಾಗ್ಲೇ ಕೆಂಚೀನ ಇಳಿಸ್ದೆ. ಮೈತುಂಬ ಹೂ. ಹಿಂದಿದ್ದ ದೊಡ್ಡ ಪರದೆ ಮೇಲೆ ಅದು ಕಂಡಾಗ ಮಂಟಪದಲ್ಲಿ ‘ಓ’ ಅಂದ್ರು.

ಅಭಿರಾಮ ಕೂಡ್ಲೇ ಬಿಸಿಲು ತಂದ. ಮಳೆ ಓಡಿಸಿ ಬೆಂಕಿಗೆ ಬಲ ಕೊಡೋಕೆ. ಹೂವಿಗೆ ಬೇಕಾಗಿದ್ದೂ ಬಿಸಿಲೇ ಅಲ್ವಾ? ಮನಸ್ಸಲ್ಲೇ ಅವನಿಗೊಂದು ಥ್ಯಾಂಕ್ಸ್ ಹೇಳಿ, ಹೊಡಿಯೋ ಬಟನ್ ಬಿಟ್ಟು ‘ಕಾವಲು’ ಒತ್ತಿದೆ.

ಮೈಕ್ ಹಿಡ್ಕೊಂಡಿದ್ದೋನಿಗೆ ನಗು ತಡೆಯೋಕಾಗ್ಲಿಲ್ಲ. “ಬಣಕಲ್ ಬೆಂಕಿಯೋರು ಸುಮ್ನೆ ಕೂತಿದಾರೆ! ಹೂ ಬಂದಿದೆ, ಹೊಡೀತಾ ಇಲ್ಲ!”

ಎರಡು ಬೆಂಕೀನೂ ಒಟ್ಟಿಗೆ ಬಂತು. ಎಲ್ಲ ಭೂತಯ್ಯನ ಮೈಮೇಲೆ. ಕೊಂಬೆ ಉರೀತು, ನಿಂತ. ಮತ್ತೆ ಬಂತು. ಅರ್ಧ ಮೈ ಕರಕಲು, ನಿಂತ. ನಾನು ಮತ್ತೆ ಕಾವಲು. ಕೆಂಚಿ ಹೂವಲ್ಲಿ ಒಂದು ಎಸಳು ಉದುರಿರ್ಲಿಲ್ಲ.

ನಂದನ್ ಹಿಂದಿಂದ ಕಿವಿಗೇ ಬಂದ. “ಈಗ ಹೊಡೀರಿ ಚಿಕ್ಕಮ್ಮ! ಆ ಹಲ್ಲಿಯಾದ್ರೂ ಬೀಳ್ತದೆ. ಮರ ಬಿದ್ರೆ ಮುಗೀತು. ಕೆಂಚಿ ಹೋಗ್ತಾಳೆ!”

ಸುಳ್ಳು ಯಾಕೆ ಹೇಳ್ಲಿ, ಆ ಕ್ಷಣ ಜೀವ ಬಾಯಿಗೆ ಬಂತು. ಮರ ಬಿದ್ದು ಜರಿ ಬರೋದ್ರೊಳಗೆ ಒಂದು ಕಿಡಿ ಕೆಂಚಿಗೆ ತಗುಲಿದ್ರೂ ಎಲ್ಲ ಹೋಯ್ತು. ಬೆಳಿಗ್ಗೆ ಕಾಫಿ ಲೋಟ, ಅತ್ತೆ ಪ್ರಶ್ನೆ, ಏನು ಉತ್ತರ ಹೇಳೋದು ಅಂತ ಎಲ್ಲ ಕಣ್ಮುಂದೆ ಬಂತು. ಆದ್ರೆ ಪರದೆ ಮೇಲೆ ಆ ಬಿಳಿ ನೋಡಿ. ಅಷ್ಟು ಬಿಳಿ ಹೂವಿನೊಳಗೆ ನಾನು ಕಾಲಿಡ್ಲಾ? ನಮ್ಮ ಮನೇಲಿ ಯಾರಿಟ್ಟಿದಾರೆ?

“ಬಾಯಿ ಮುಚ್ಕೊಂಡು ಹಿಂದೆ ನಿಲ್ಲು,” ಅಂದೆ. ಮೂರನೇ ಸಲವೂ ಕಾವಲು ಒತ್ತಿದೆ.

ಬೆಂಕಿ ಬಂತು. ಭೂತಯ್ಯ ಬಿದ್ದ. ಬೀಳೋವಾಗ್ಲೂ ಕೆಂಚಿಗೆ ಅಡ್ಡವಾಗೇ ಬಿದ್ದ, ಪುಣ್ಯಾತ್ಮ. ಅವನ ಜಾಗಕ್ಕೆ ನನ್ನ ಸಣಕಲು ಜರಿ ಬಂತು. ಮೈಕಿನೋನು, “ಇದು ಯಾಕೆ ಬಂತು?” ಅಂದ.

ಯಾಕೆ ಅಂದ್ರೆ, ಮಳೆ ಬಂತು.

ಕೆಂಚಿ ಮೈಮೇಲಿನ ಬಿಳಿಯೆಲ್ಲ ತಾನಾಗೇ ಉದುರಿ, ಗಂಟುಗಂಟಿಗೂ ಹಸಿರು ಕಾಯಿ ಕಚ್ಚಿ, ನೋಡ್ತಾ ನೋಡ್ತಾ ಕೆಂಪು. ನಾನು ಹೊಡೆದೆ. ಅಭಿರಾಮನ ಎರಡೂ ಪ್ರಾಣಿ ಒಂದೇ ಏಟಿಗೆ ಬಿದ್ವು. ಅವನು ಚಿನ್ನೂನ ಇಳಿಸ್ದ, ಪಕ್ಕದಲ್ಲಿ ಒಂದು ಬೆಂಕಿ ಹದ್ದು. ಚಿನ್ನು ಘರ್ ಅಂತ ಬಂದು ಕೆಂಚಿಗೆ ಒಂದು ಬಿಟ್ಟ. ಮಳೇಲಿ ಬೆಂಕಿ ಕುಗ್ಗಿತ್ತು. ಕೆಂಚಿ ಅಲ್ಲಾಡಿದ್ಳು, ಬಗ್ಗಿದ್ಳು, ಮತ್ತೆ ಎದ್ದು ನಿಂತ್ಳು. ಅದೇ ಸಿಟ್ಟಿನ ಮುಖ. ನನ್ನ ಮಗಳು ಅಂದ್ರೆ ಹಿಂಗಿರ್ಬೇಕು!

ಎರಡನೇ ಏಟು. ಹದ್ದು ಬಿತ್ತು. ಚಿನ್ನು ನಿಧಾನ ಕೂತು, ಕಣ್ಣು ಮುಚ್ಕೊಂಡ.

ನಾನು ಕೂಗಿದ್ದು ಬಣಕಲ್‌ಗೆ ಕೇಳಿರ್ಬೇಕು. ನಂದನ್ ನನ್ನನ್ನ ಎತ್ತೋಕೆ ನೋಡಿ, ಆಗ್ದೆ ಬಿಟ್ಟ. ಕುರ್ಚಿ ತೋರಿಸಿದ್ದ ಹುಡುಗ ಸೆಲ್ಫಿ ಕೇಳೋಕೆ ಬಂದ. ಕಪ್ ತಗೊಂಡೆ, ಶಾಲು ಹೊದ್ಸಿದ್ರು, ಮೈಕಿನೋನ ಕೈಯಿಂದ ಮೈಕ್ ಕಿತ್ಕೊಂಡು, “ಸುಮ್ನೆ ಕೂತಿರ್ಲಿಲ್ಲಪ್ಪ, ಬ್ಯಾಕಿಂಗ್‌ಗೆ ಕಾಯ್ತಿದ್ದೆ” ಅಂದೆ. ಹಿಂದಿನ ಸಾಲಲ್ಲಿದ್ದ ತೋಟದ ಮನೆಯೋರೆಲ್ಲ ಹೋ ಅಂತ ನಕ್ರು, ಉಳಿದೋರಿಗೆ ಅರ್ಥ ಆಗ್ಲಿಲ್ಲ.

ಅಭಿರಾಮ ಬಂದು ಕೈ ಕೊಟ್ಟ. ಒಳ್ಳೆ ಮನೆ ಹುಡುಗ, ಮುಖ ಗಂಟು ಹಾಕ್ಲಿಲ್ಲ. “ಇದು ನನ್ನ ನಂಬರ್ ಆಂಟಿ, ಚಿನ್ನು ವಿಷಯ ಏನಾದ್ರೂ ಕೇಳೋದಿದ್ರೆ,” ಅಂದ. ಇನ್ನೇನೋ ಹೇಳೋಕೆ ಹೊರಟು ಹೇಳ್ಲಿಲ್ಲ. ನಾನು ಗೆದ್ದ ಖುಷೀಲಿ ಅದನ್ನ ಅಷ್ಟು ಮನಸ್ಸಿಗೆ ಹಾಕ್ಕೊಳ್ಲಿಲ್ಲ.

ಸಂಜೆ ಮನೆ ಸೇರಿದಾಗ ಅತ್ತೆ ಜಗಲೀಲೇ ಕೂತಿದ್ರು. ಕಪ್ ಕಡೆ ತಿರುಗಿ ಕೂಡ ನೋಡ್ಲಿಲ್ಲ. “ಎಷ್ಟು ಜನ ಬಂದ್ರಿ?”

“ಮೂರು,” ಅಂದೆ, ಜಂಬದಿಂದ.

ಫೋನ್ ಕೈಗೆ ಕೊಟ್ಟೆ. ಕೆಂಚೀನ ಕಂಡ ಕೂಡ್ಲೇ ಆ ಮುದುಕಿ ಕಣ್ಣಲ್ಲಿ ನೀರು. ಸೆರಗಲ್ಲಿ ಒರೆಸ್ಕೊಂಡು, “ಸುಡುಗಾಡು ಹೊಗೆ” ಅಂದ್ರು. ಒಲೆ ಹಚ್ಚೇ ಇರ್ಲಿಲ್ಲ. ನನ್ನ ಹೊಟ್ಟೆಗೆ ಹಾಲು ಹೊಯ್ದ ಹಾಗಾಯ್ತು. ಆಮೇಲೆ ಮೂಲೇಲಿ ಕೂತಿದ್ದ ಕರಡಿ ಕಣ್ಣಿಗೆ ಬಿತ್ತು. ಆಟದಲ್ಲಿ ನಮ್ಮ ಪ್ರಾಣಿಗಳಿಗೆಲ್ಲ ಒಂದು ಅಂಗಳ ಇದೆ. ನನ್ನ ಎಲೆಗಳೆಲ್ಲ ಈ ಕಡೆ ಗುಂಪು, ಆ ಕಡೆ ಬೇಲಿ ಹತ್ರ ಚಿನ್ನು ಒಬ್ಬನೇ, ಬೆಂಕಿ ಸಣ್ಣ ಮಾಡ್ಕೊಂಡು.

“ಯಾರ ಮನೇದು ಇದು?”

“ಗೆದ್ದಿದ್ದು ಅತ್ತೆ. ಕಳಸದ ಹುಡುಗಂದು.”

“ಏನು ತಿಂತದೆ?”

“ಗೊತ್ತಿಲ್ಲ.”

“ಏನು ತಿಂತದೆ ಅಂತ ಗೊತ್ತಿಲ್ದೆ ಎತ್ಕೊಂಡು ಬಂದ್ಯಾ? ಕೇಳು ಈಗ್ಲೇ.”

ಅತ್ತೆ ಕೈಲಿದ್ದ ಫೋನಿಂದಲೇ ಸ್ಪೀಕರ್ ಹಾಕಿ ಅಭಿರಾಮನ ನಂಬರಿಗೆ ಮಾಡಿ, ಪರದೆ ಮತ್ತೆ ಅಂಗಳಕ್ಕೆ ತಂದೆ. ರಿಂಗ್ ಆಗೋದ್ರೊಳಗೆ ಎತ್ತಿದ. ಫೋನ್ ಕೈಲಿ ಹಿಡ್ಕೊಂಡೇ ಕೂತಿದ್ನೇನೋ. ನಾನು ಹಲೋ ಅನ್ನೋ ಮುಂಚೆ, “ಆಂಟಿ, ಚಿನ್ನು ತಲೆ ಸವರಿದ್ರಾ? ಬಂದಾಗಿಂದ ಯಾರೂ ಸವರಿಲ್ಲ ಅಂದ್ರೆ ಅವನು ಉಣ್ಣಲ್ಲ” ಅಂದ. ಆಮೇಲೆ “ಸಾರಿ” ಅಂದ.

ಅತ್ತೆಗೆ ಅದೆಲ್ಲ ಕೇಳ್ತಿತ್ತು. ನನ್ನನ್ನ ನೋಡಿದ್ರು. ನಾನು ಕೆಂಚೀನ ನೋಡಿದೆ. ಇದೇ ಜಗಲೀಲಿ ಈ ಹೊತ್ತಿಗೆ ಹಿಂಗೇ ಫೋನ್ ಹಿಡ್ಕೊಂಡು ಕೂತಿರ್ಬೇಕಾಗಿದ್ದೋಳು ನಾನು.

“ನೋಡಪ್ಪ,” ಅಂದೆ, “ನಮ್ಮದು ಎಲೆ ತೋಟ. ಬೆಂಕೀನ ತೋಟದೊಳಗೆ ಯಾರಾದ್ರೂ ಇಟ್ಕೊತಾರಾ? ನಿನ್ನ ಕರಡಿ ನನಗೆ ಬೇಡ.”

“ಈಗ್ಲೇ ಕಳಿಸ್ತೀರಾ ಆಂಟಿ?”

“ಅದೆಲ್ಲ ಆಗಲ್ಲ. ನಮ್ಮ ತೋಟಕ್ಕೆ ಬ್ಯಾಕಿಂಗ್ ಬಿದ್ದ ಮಾರನೇ ದಿನ ನಮ್ಮನೆಗೆ ಬಾ, ಅಲ್ಲೀತನಕ ಅವನ ತಲೆ ಸವರೋ ಕೆಲಸ ನಮ್ಮತ್ತೇದು. ಬಂದು, ಕಾಫಿ ಕುಡಿದು, ನನ್ನ ಹತ್ರ ಇನ್ನೊಂದು ಸಲ ಸೋತು, ಕರ್ಕೊಂಡು ಹೋಗು.”

ಅತ್ತೆ ಆಗ್ಲೇ ಬೇಲಿ ಹತ್ರ ಬೆರಳಿಟ್ಟು ಕರಡಿ ತಲೆ ಸವರ್ತಾ ಇದ್ರು.